265 ರಾಂಡ್ ಕೊಡದ ಮನೆಗಳು: ದಕ್ಷಿಣ ಆಫ್ರಿಕಾದ ಎಸ್‌ಎಬಿಸಿ ಪ್ರಕರಣ

ದಕ್ಷಿಣ ಆಫ್ರಿಕಾದಲ್ಲಿ ಮನೆಯಲ್ಲಿ ಟಿವಿ ಇಟ್ಟುಕೊಳ್ಳಬೇಕೆಂದರೆ ಲೈಸೆನ್ಸ್ ಬೇಕು. 1999ರ ಪ್ರಸಾರ ಕಾಯ್ದೆಯ 27ನೇ ಸೆಕ್ಷನ್ ಅದನ್ನು ಕಡ್ಡಾಯ ಮಾಡಿದೆ. ಮನೆಬಳಕೆಗೆ ವರ್ಷಕ್ಕೆ 265 ರಾಂಡ್. ನಮ್ಮ ಹಣದಲ್ಲಿ ಸಾವಿರ ರೂಪಾಯಿಗೂ ಹೆಚ್ಚು. ಮನೆಯಲ್ಲಿ ಎಷ್ಟು ಟಿವಿ ಇದ್ದರೂ ಒಂದೇ ಲೈಸೆನ್ಸ್ ಸಾಕು. ವ್ಯಾಪಾರದ ಜಾಗಗಳಲ್ಲಿ ಮಾತ್ರ ಪ್ರತಿ ಸೆಟ್ಟಿಗೂ ಒಂದೊಂದು. ಈ ಹಣ ಸೇರಬೇಕಾದದ್ದು ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎಸ್‌ಎಬಿಸಿಗೆ. ಆದರೆ ಈಚಿನ ವರ್ಷಗಳಲ್ಲಿ ಬರಬೇಕಾದ ಹಣದ ಐದು ಪಾಲಿನಲ್ಲಿ ನಾಲ್ಕಕ್ಕೂ ಹೆಚ್ಚು ಬಾಕಿಯಲ್ಲೇ ಉಳಿಯುತ್ತಿದೆ. ಅಂಚೆ ಕಚೇರಿಗೆ ಹೋಗಿ ರೇಡಿಯೊ ಲೈಸೆನ್ಸ್ ಪುಸ್ತಕ ನವೀಕರಿಸಿಕೊಂಡು ಬಂದ ನಮ್ಮ ಹಿರಿಯರಿಗೆ ಈ ಪದ್ಧತಿಯ ಪರಿಚಯ ಉಂಟು. ಭಾರತ ಅದನ್ನು 1980ರ ದಶಕದಲ್ಲೇ ಕೈಬಿಟ್ಟಿತು.

ಜನ ಯಾಕೆ ಕಟ್ಟುತ್ತಿಲ್ಲ ಎಂದು ಕೇಳಿದರೆ ಸಿದ್ಧವಾಗಿರುವ ಉತ್ತರ ಒಂದು: 2016ರಲ್ಲಿ ಸಂಸ್ಥೆಯ ಮುಖ್ಯ ಕಾರ್ಯಾಚರಣಾಧಿಕಾರಿಯಾಗಿದ್ದ ಲಾವುಡಿ ಮೊತ್ಸೊಯೆನೆಂಗ್ ಕಾರ್ಯಕ್ರಮಗಳನ್ನೆಲ್ಲ ತಲೆಕೆಳಗು ಮಾಡಿದರು, ಜನ ಬೇಸತ್ತು ಶುಲ್ಕ ನಿಲ್ಲಿಸಿದರು. ಇದು ಅರ್ಧ ಸತ್ಯ. ಕಾರ್ಯಕ್ರಮ ಬದಲಾವಣೆಯ ಹೊಡೆತ ಮೊದಲು ಬಿದ್ದದ್ದು ಜಾಹೀರಾತಿನ ಮೇಲೆ. ಶುಲ್ಕ ವಸೂಲಿ ಅದಕ್ಕೂ ಹಿಂದಿನಿಂದಲೇ ಸೋರುತ್ತಿತ್ತು. ಎರಡೂ ಒಂದೇ ಸಂಸ್ಥೆಯಲ್ಲಿ ಒಂದೇ ಹೊತ್ತಿಗೆ ಕೂಡಿಬಂದಾಗ ಏನಾಯಿತು ಎಂಬುದೇ ಈ ಪ್ರಕರಣ.

ಸಂಸ್ಥೆಯ ಜೇಬು

1936ರಲ್ಲಿ ಶುರುವಾದ ಎಸ್‌ಎಬಿಸಿ ಟಿವಿ ಪ್ರಸಾರಕ್ಕೆ ಇಳಿದದ್ದು 1976ರ ಜನವರಿ 5ರಂದು. ಆ ಮಟ್ಟದ ಆರ್ಥಿಕತೆಯ ದೇಶಗಳಲ್ಲಿ ಅದು ತೀರಾ ತಡ. ಇಂದು ಉಚಿತವಾಗಿ ಸಿಗುವ ಅದರ ಮುಖ್ಯ ಟಿವಿ ಚಾನೆಲುಗಳು ಮೂರು. ಎಸ್‌ಎಬಿಸಿ 1ರಲ್ಲಿ ಜುಲು, ಖೋಸಾ ಮೊದಲಾದ ಭಾಷೆಗಳು, ಎಸ್‌ಎಬಿಸಿ 2ರಲ್ಲಿ ಸೊಥೊ, ಆಫ್ರಿಕಾನ್ಸ್ ಮುಂತಾದವು, ಎಸ್‌ಎಬಿಸಿ 3ರಲ್ಲಿ ಮುಖ್ಯವಾಗಿ ಇಂಗ್ಲಿಷ್. ಜತೆಗೆ ರೇಡಿಯೊ ಕೇಂದ್ರಗಳು, 2016ರಲ್ಲಿ ಇದ್ದದ್ದು 18. 11 ಭಾಷೆಗಳಲ್ಲಿ ಸುದ್ದಿ ಕೊಡಬೇಕು, ಲಾಭವಿಲ್ಲದ ಭಾಷೆಯಲ್ಲೂ ಮಕ್ಕಳ ಕಾರ್ಯಕ್ರಮ ಮಾಡಬೇಕು, ಗುಡ್ಡಗಾಡಿನ ಹಳ್ಳಿಗೂ ಸಿಗ್ನಲ್ ಮುಟ್ಟಿಸಬೇಕು. ಇದೆಲ್ಲ ಕಾನೂನು ಹೊರಿಸಿದ ಹೊಣೆ.

ಇದಕ್ಕೆಲ್ಲ ಸರ್ಕಾರದ ಅನುದಾನ ತೀರಾ ಕಡಿಮೆ, ಒಟ್ಟು ವರಮಾನದಲ್ಲಿ ಬೆರಳೆಣಿಕೆಯ ಶೇಕಡ. ಲೈಸೆನ್ಸ್ ಶುಲ್ಕದಿಂದ ಸುಮಾರು ಶೇ 15. ಉಳಿದದ್ದರಲ್ಲಿ ಬಹುಪಾಲು ಜಾಹೀರಾತು ಮತ್ತು ಪ್ರಾಯೋಜಕತ್ವ. ಅಂದರೆ ಹೆಸರಿಗೆ ಸಾರ್ವಜನಿಕ ಸಂಸ್ಥೆ, ಬದುಕು ವ್ಯಾಪಾರಿ ಚಾನೆಲಿನದು. ಇದನ್ನು ಮರೆತು 2016ರ ನಿರ್ಧಾರವನ್ನು ಅಳೆಯಲಾಗದು. ಬ್ರಿಟನ್ನಿನ ಬಿಬಿಸಿ ತನ್ನ ದೇಶದೊಳಗಿನ ಚಾನೆಲುಗಳಲ್ಲಿ ಜಾಹೀರಾತು ಹಾಕುವುದಿಲ್ಲ. ಅಲ್ಲಿ ವೀಕ್ಷಕರು ಕಡಿಮೆಯಾದರೂ ಆ ತಿಂಗಳ ಹಣ ನಿಲ್ಲುವುದಿಲ್ಲ. ಎಸ್‌ಎಬಿಸಿಯಲ್ಲಿ ನಿಲ್ಲುತ್ತದೆ.

ಸಂಸ್ಥೆ ಹಿಂದೆಯೂ ಒಮ್ಮೆ ಕುಸಿದಿತ್ತು. 2009ರಲ್ಲಿ ಸರ್ಕಾರ 147.3 ಕೋಟಿ ರಾಂಡ್ ಸಾಲಕ್ಕೆ ಖಾತರಿ ನಿಂತು ಉಳಿಸಿತ್ತು. 2013ರ ಜುಲೈಯಲ್ಲಿ ಹಣ ಕೊಟ್ಟು ನೋಡುವ ಡಿಎಸ್‌ಟಿವಿಯ ಒಡೆಯರಾದ ಮಲ್ಟಿಚಾಯ್ಸ್ ಜತೆ 55.3 ಕೋಟಿ ರಾಂಡಿನ ಐದು ವರ್ಷದ ಒಪ್ಪಂದವಾಯಿತು. 24 ಗಂಟೆಯ ಸುದ್ದಿ ವಾಹಿನಿ ಆ ಆಗಸ್ಟ್‌ನಲ್ಲಿ ಡಿಎಸ್‌ಟಿವಿಯಲ್ಲಿ ಶುರುವಾಯಿತು. ಲೈಸೆನ್ಸ್ ಕಟ್ಟಿದವನಿಗೂ ಆ ವಾಹಿನಿ ನೋಡಲು ಖಾಸಗಿ ಕಂಪನಿಗೆ ಬೇರೆ ಚಂದಾ ಕೊಡಬೇಕಾಗಿ ಬಂತು. ಶುಲ್ಕ ಕೇಳಲು ಹೋಗುವವರಿಗೆ ಇದಕ್ಕಿಂತ ಮುಜುಗರದ ವಿಷಯ ಬೇರೆ ಇರಲಿಕ್ಕಿಲ್ಲ.

ಶೇ 90ರ ಆದೇಶ

2016ರ ಮೇ 12ರಿಂದ 18 ರೇಡಿಯೊ ಕೇಂದ್ರಗಳಲ್ಲೂ ಶೇ 90ರಷ್ಟು ದಕ್ಷಿಣ ಆಫ್ರಿಕಾದ ಸಂಗೀತವೇ ಇರಬೇಕು ಎಂದು ಆಜ್ಞೆ ಹೊರಟಿತು. ಜುಲೈ 1ರಿಂದ ಟಿವಿಗೆ ಶೇ 80. ನಿಯಂತ್ರಣ ಪ್ರಾಧಿಕಾರ ಇಕಾಸಾ ಹಲವು ವರ್ಷ ಜಾರಿಯಲ್ಲಿಟ್ಟಿದ್ದ ಕನಿಷ್ಠ ಮಿತಿ ಸಾರ್ವಜನಿಕ ರೇಡಿಯೊಗೆ ಶೇ 40, ಟಿವಿಗೆ ಶೇ 55. ಆ ಮಿತಿಯನ್ನು ಏರಿಸುವ ಪ್ರಕ್ರಿಯೆ ಅದಾಗಲೇ ನಡೆದಿತ್ತು. ಎಸ್‌ಎಬಿಸಿ ಅದನ್ನೂ ದಾಟಿ, ಕೆಲವೇ ವಾರಗಳ ಅಂತರದಲ್ಲಿ ಜಿಗಿಯಿತು.

ಉದ್ದೇಶದಲ್ಲಿ ತಪ್ಪು ಹುಡುಕುವುದು ಕಷ್ಟ. ಸ್ಥಳೀಯ ಸಂಗೀತಗಾರರಿಗೆ ರಾಯಧನ ಸಿಗುವುದೇ ಹಾಡು ಪ್ರಸಾರವಾದಾಗ. ಆದೇಶ ಬಂದ ದಿನಗಳಲ್ಲಿ ಕಲಾವಿದರು ಸಂಭ್ರಮಪಟ್ಟರು. ಸ್ಥಳೀಯ ಸರಕನ್ನು ಜನ ನೋಡುವುದಿಲ್ಲ ಎಂಬ ಟೀಕಾಕಾರರ ಮಾತೂ ಸುಳ್ಳು: ಎಸ್‌ಎಬಿಸಿ 1ರ ಜುಲು ಧಾರಾವಾಹಿ 'ಉಜಾಲೊ' ಉತ್ತುಂಗದಲ್ಲಿ ಕೋಟಿ ಆಸುಪಾಸಿನ ವೀಕ್ಷಕರನ್ನು ಹಿಡಿದಿತ್ತು. ಸಂಜೆಯ ಅತಿ ಹೆಚ್ಚು ನೋಡುವ ಕಾರ್ಯಕ್ರಮಗಳ ಪಟ್ಟಿಯ ಮೇಲ್ತುದಿಯಲ್ಲಿ ಇದ್ದವೆಲ್ಲ ಹೆಚ್ಚುಕಡಿಮೆ ಅಲ್ಲಿನವೇ. ತೊಡಕು ಇದ್ದದ್ದೇ ಇಲ್ಲಿ. ಸ್ಥಳೀಯವಾಗಿ ಗೆಲ್ಲಬೇಕಾದ ಹೊತ್ತುಗಳು ಆಗಲೇ ಸ್ಥಳೀಯವಾಗಿದ್ದವು. ಹೊಸ ಆದೇಶ ಹೋಗಿ ಕುಟ್ಟಿದ್ದು ಉಳಿದ ಜಾಗಗಳಿಗೆ: ಇಂಗ್ಲಿಷಿನ ಎಸ್‌ಎಬಿಸಿ 3, ಅಂತಾರಾಷ್ಟ್ರೀಯ ಪಾಪ್ ಸಂಗೀತದ ಮೇಲೆ ನಿಂತಿದ್ದ 5ಎಫ್‌ಎಂ, ಮತ್ತು ಡರ್ಬನ್ನಿನ ಲೋಟಸ್ ಎಫ್‌ಎಂ.

ಲೋಟಸ್ ಎಫ್‌ಎಂ ದಕ್ಷಿಣ ಆಫ್ರಿಕಾದ ಭಾರತೀಯ ಮೂಲದವರ ಕೇಂದ್ರ. ಹಿಂದಿ, ತಮಿಳು, ತೆಲುಗು, ಗುಜರಾತಿ, ಉರ್ದು ಹಾಡು-ಮಾತು, ನಡುವೆ ಇಂಗ್ಲಿಷ್ ನಿರೂಪಣೆ. ಗಂಟೆಗೆ ಒಂದು ಡಜನ್ ಹಾಡು ಎಂದಿಟ್ಟುಕೊಂಡರೆ ಶೇ 90ರ ಲೆಕ್ಕದಲ್ಲಿ ಹನ್ನೊಂದು ಸ್ಥಳೀಯ, ಒಂದು ಹೊರಗಿನದು. ಹಿಂದಿ ಸಿನಿಮಾ ಹಾಡುಗಳೆಲ್ಲ ನಿಯಮದ ಪ್ರಕಾರ ಹೊರಗಿನವು. ಡರ್ಬನ್, ಚಾಟ್ಸ್‌ವರ್ತ್ ಕಡೆಯ ಭಾರತೀಯ ಮೂಲದ ಗಾಯಕರ ಧ್ವನಿಮುದ್ರಣಗಳು ಇಡೀ ದಿನ ತುಂಬುವಷ್ಟು ಇರಲಿಲ್ಲ. ಇದ್ದವನ್ನೇ ತಿರುಗಿ ತಿರುಗಿ ಹಾಕಬೇಕಾಯಿತು. ಕೇಳುಗರು ಸಿಟ್ಟಿಗೆದ್ದರು, ಪ್ರತಿಭಟಿಸಿದರು, ಕೊನೆಗೆ ಹಲವರು ಫೋನಿನಲ್ಲೇ ತಮಗೆ ಬೇಕಾದ ಹಾಡು ಹಾಕಿಕೊಂಡರು. ಕೇಳುಗ ಒಮ್ಮೆ ಹಾಗೆ ಅಭ್ಯಾಸ ಬದಲಿಸಿಕೊಂಡರೆ ಆದೇಶ ರದ್ದಾದ ದಿನ ಹಿಂತಿರುಗಿ ಬರುವುದಿಲ್ಲ.

ಟಿವಿಯಲ್ಲಿ ತೊಂದರೆ ಬೇರೆ ತರಹದ್ದು. ಹೊಸ ಧಾರಾವಾಹಿ ಬೇಕೆಂದರೆ ಸಂಸ್ಥೆ ಮೊದಲು ನಿರ್ಮಾಪಕರಿಂದ ಪ್ರಸ್ತಾವ ಕರೆಯಬೇಕು. ಬಂದವನ್ನು ಅಳೆದು ಆರಿಸಿ, ಬಜೆಟ್ ಒಪ್ಪಿಸಿ, ಕರಾರು ಬರೆದು, ಚಿತ್ರಕಥೆ ಮಾಡಿಸಿ, ಚಿತ್ರೀಕರಿಸಿ, ಸಂಕಲನ ಮುಗಿಸಿ ಪರದೆಗೆ ತರುವ ಹೊತ್ತಿಗೆ ಒಂದು ವರ್ಷ ಕಳೆದಿರುತ್ತದೆ, ಒಂದೂವರೆಯೂ ಆಗಬಹುದು. ವಾರಕ್ಕೆ ಐದು ದಿನದ ಧಾರಾವಾಹಿಗೆ ವರ್ಷಕ್ಕೆ 260 ಕಂತು ಬೇಕು. ಜುಲೈ 1 ಎಂದರೆ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಹಣಕಾಸು ವರ್ಷದ ಮೂರು ತಿಂಗಳು ಕಳೆದಿದೆ; ಬಜೆಟ್ ಆಗಲೇ ಹಂಚಿಕೆಯಾಗಿದೆ. ಹಾಗಿದ್ದಾಗ ಖಾಲಿ ಹೊತ್ತನ್ನು ತುಂಬುವ ದಾರಿ ಎರಡೇ: ಸ್ಟುಡಿಯೊದಲ್ಲಿ ಕೂತು ಮಾಡುವ ಅಗ್ಗದ ಮಾತುಕತೆ, ಇಲ್ಲವೇ ಹಳೆಯದರ ಮರುಪ್ರಸಾರ. ಕಾಗದದ ಮೇಲೆ ಎರಡೂ ಸ್ಥಳೀಯವೇ.

ಇನ್ನೊಂದು ಪೆಟ್ಟು ಖರ್ಚಿನದು. ಹೊರದೇಶದ ಧಾರಾವಾಹಿಯ ನಿರ್ಮಾಣ ವೆಚ್ಚವನ್ನು ಮೂಲ ದೇಶ ಆಗಲೇ ಭರಿಸಿರುತ್ತದೆ. ಕೊಳ್ಳುವ ಚಾನೆಲು ಪ್ರಸಾರದ ಹಕ್ಕಿಗಷ್ಟೇ ಹಣ ಕೊಡುತ್ತದೆ. ಸ್ಥಳೀಯ ನಾಟಕದ ಒಂದು ನಿಮಿಷಕ್ಕೆ ಅದರ ಹಲವು ಪಟ್ಟು ಬೀಳುತ್ತದೆ. ಈ ಹೆಚ್ಚಿನ ಖರ್ಚು ಜಾಹೀರಾತಿನಿಂದ ಹುಟ್ಟಬೇಕು. ಎಸ್‌ಎಬಿಸಿ 3ರ ವೀಕ್ಷಕರು ಸಂಖ್ಯೆಯಲ್ಲಿ ಕಡಿಮೆ, ಕೊಳ್ಳುವ ಶಕ್ತಿಯಲ್ಲಿ ಹೆಚ್ಚು. ಕಾರು, ಬ್ಯಾಂಕು, ವಿಮೆ ಕಂಪನಿಗಳು ಅವರಿಗಾಗಿಯೇ ಆ ಚಾನೆಲಿಗೆ ಹಣ ಕೊಡುತ್ತಿದ್ದವು. ಡಿಎಸ್‌ಟಿವಿಗೆ ಚಂದಾ ಕಟ್ಟಿ ಬೇರೆಡೆ ಹೋಗುವ ಅನುಕೂಲವೂ ಇದೇ ವರ್ಗಕ್ಕೆ ಇತ್ತು, ಹೋದರು. ಜಾಹೀರಾತು ಕರಾರಿನಲ್ಲಿ ಇಂತಿಷ್ಟು ವೀಕ್ಷಕರು ಎಂದು ಮಾತು ಕೊಟ್ಟಿದ್ದರೆ, ಅಷ್ಟು ಬರದಿದ್ದಾಗ ಚಾನೆಲು ಅದೇ ಜಾಹೀರಾತನ್ನು ಬೇರೆ ಹೊತ್ತಿನಲ್ಲಿ ಪುಕ್ಕಟೆ ಹಾಕಿ ತುಂಬಿಕೊಡಬೇಕು. ಹಾಗಾಗಿ ನಷ್ಟ ಆ ತಿಂಗಳಿಗೇ ಮುಗಿಯುವುದಿಲ್ಲ. ಮುಂದೆ ಮಾರಬೇಕಾದ ಹೊತ್ತನ್ನೂ ತಿನ್ನುತ್ತದೆ.

2015–16ರಲ್ಲಿ 41.1 ಕೋಟಿ ರಾಂಡ್ ಇದ್ದ ನಿವ್ವಳ ನಷ್ಟ 2016–17ರಲ್ಲಿ 97.7 ಕೋಟಿಗೆ ಏರಿತು. ಅಷ್ಟೂ ಶೇ 90ರ ಆದೇಶದ ಪಾಪವಲ್ಲ. ಸಂಬಳದ ಬಿಲ್ಲು ಉಬ್ಬಿತ್ತು, ಖರೀದಿಯಲ್ಲಿ ನಿಯಮ ಮುರಿದ ಪ್ರಕರಣಗಳು ಗುಡ್ಡೆಯಾಗಿದ್ದವು. 2017ರ ಮಾರ್ಚ್‌ನಲ್ಲಿ ಬಂದ ಮಧ್ಯಂತರ ಆಡಳಿತ ಮಂಡಳಿ ಆದೇಶವನ್ನು ಹಿಂತೆಗೆಯಿತು. ಆ ಹೊತ್ತಿಗೆ ಸಂಸ್ಥೆ ಸ್ಥಳೀಯ ನಿರ್ಮಾಪಕರ ಬಿಲ್ಲುಗಳನ್ನೇ ಸಕಾಲಕ್ಕೆ ಪಾವತಿಸಲಾಗದೆ ಒದ್ದಾಡುತ್ತಿತ್ತು. ಯಾರನ್ನು ಬೆಳೆಸುತ್ತೇವೆಂದು ಹೊರಟಿದ್ದರೋ ಅವರ ಸ್ಟುಡಿಯೊಗಳಲ್ಲೇ ಸಂಬಳಕ್ಕೆ ತತ್ವಾರವಾಯಿತು.

ಸುದ್ದಿಕೋಣೆ

2016ರ ಮೇ 26ರಂದು ಇನ್ನೊಂದು ಆಜ್ಞೆ: ಪ್ರತಿಭಟನೆಯಲ್ಲಿ ಸಾರ್ವಜನಿಕ ಆಸ್ತಿ ನಾಶವಾಗುವ ದೃಶ್ಯ ತೋರಿಸಕೂಡದು. ಆಗಸ್ಟ್ 3ಕ್ಕೆ ಸ್ಥಳೀಯ ಸಂಸ್ಥೆಗಳ ಚುನಾವಣೆ ಇತ್ತು. ಜುಲೈ 11ರಂದು ಇಕಾಸಾ ಇದನ್ನು ಹಿಂಪಡೆಯಲು ಆದೇಶಿಸಿತು. ನೀತಿಯನ್ನು ಪ್ರಶ್ನಿಸಿದ ಎಂಟು ಪತ್ರಕರ್ತರನ್ನು ಸಂಸ್ಥೆ ಕೆಲಸದಿಂದ ತೆಗೆಯಿತು, ಬಹುತೇಕರು ನ್ಯಾಯಾಲಯದ ಮೂಲಕ ಮರಳಿದರು.

ಇದಕ್ಕೆ ಎರಡು ವರ್ಷ ಮೊದಲೇ, 2014ರ ಫೆಬ್ರವರಿಯಲ್ಲಿ, ಸಾರ್ವಜನಿಕ ರಕ್ಷಕಿ (ನಮ್ಮ ಲೋಕಾಯುಕ್ತರಂಥ ಹುದ್ದೆ) ತುಲಿ ಮಡೊನ್ಸೆಲಾ ವರದಿ ಕೊಟ್ಟಿದ್ದರು. ಮೊತ್ಸೊಯೆನೆಂಗ್ ತಮ್ಮ ಮೆಟ್ರಿಕ್ ವಿದ್ಯಾರ್ಹತೆಯ ಬಗ್ಗೆ ಸುಳ್ಳು ಹೇಳಿದ್ದರು, ಅವರ ಸಂಬಳ ಒಂದೇ ವರ್ಷದಲ್ಲಿ 15 ಲಕ್ಷದಿಂದ 24 ಲಕ್ಷ ರಾಂಡಿಗೆ ಏರಿತ್ತು ಎಂಬುದು ಅದರ ನಿರ್ಣಯ. ಅದೇ ವರ್ಷದ ಜುಲೈಯಲ್ಲಿ ಅವರಿಗೆ ಹುದ್ದೆ ಕಾಯಂ ಆಯಿತು. ಮಲ್ಟಿಚಾಯ್ಸ್ ಒಪ್ಪಂದಕ್ಕಾಗಿ ಅವರು ಪಡೆದ 1.15 ಕೋಟಿ ರಾಂಡ್ ಬಹುಮಾನ ಧನವನ್ನು ಬಡ್ಡಿ ಸಮೇತ ಹಿಂತಿರುಗಿಸಬೇಕು ಎಂದು ಹೈಕೋರ್ಟ್ ಹೇಳಿದ್ದು 2021ರ ಡಿಸೆಂಬರ್‌ನಲ್ಲಿ. ಇಷ್ಟೆಲ್ಲ ಪತ್ರಿಕೆಗಳ ಮುಖಪುಟದಲ್ಲಿ ಬರುತ್ತಿದ್ದ ವರ್ಷಗಳಲ್ಲಿ ಟಿವಿ ಲೈಸೆನ್ಸ್ ಜಾಹೀರಾತು ವೀಕ್ಷಕರಿಗೆ ಹೇಳುತ್ತಿದ್ದದ್ದು, ಶುಲ್ಕ ಕಟ್ಟುವುದೇ ಸರಿಯಾದ ನಡತೆ ಎಂದು.

ವಸೂಲಿ ಹೇಗೆ ನಡೆಯುತ್ತದೆ, ಎಲ್ಲಿ ಕೈಕೊಡುತ್ತದೆ

ಅಂಗಡಿಗೆ ಹೋಗಿ ಹೊಸ ಟಿವಿ ಕೊಳ್ಳುವಾಗ ಗುರುತಿನ ಚೀಟಿ ತೋರಿಸಬೇಕು. ಲೈಸೆನ್ಸ್ ಇಲ್ಲದವನಿಗೆ ಸೆಟ್ ಮಾರಬಾರದು ಎಂಬ ಹೊಣೆ ಅಂಗಡಿಯವನ ಮೇಲಿದೆ. ಇಲ್ಲದಿದ್ದರೆ ಆಗಲೇ ಶುಲ್ಕ ಕಟ್ಟಿ, ಗುರುತಿನ ಸಂಖ್ಯೆಗೆ ಒಂದು ಖಾತೆ ತೆರೆಸಬೇಕು. ಮುಂದೆ ಪ್ರತಿವರ್ಷ ನೋಟಿಸು. ಸೂಪರ್‌ಮಾರ್ಕೆಟ್ ಕೌಂಟರಿನಲ್ಲೋ ಬ್ಯಾಂಕಿನ ಮೂಲಕವೋ ಕಟ್ಟಬಹುದು. ತಪ್ಪಿದರೆ ತಿಂಗಳಿಗೆ ಶೇ 10ರಂತೆ ದಂಡ, ವರ್ಷಕ್ಕೆ ಶೇ 100 ಮೀರದಂತೆ. ಆಮೇಲೆ ಎಸ್ಸೆಮ್ಮೆಸ್, ಫೋನು. ಅದಕ್ಕೂ ಬಗ್ಗದಿದ್ದರೆ ಸಾಲ ವಸೂಲಿ ಏಜೆನ್ಸಿಗೆ ಖಾತೆಯ ವರ್ಗಾವಣೆ.

ಹಿಡಿತ ಇರುವುದು ಮೊದಲ ಹೆಜ್ಜೆಯಲ್ಲಿ ಮಾತ್ರ. ಅಂಗಡಿಯಲ್ಲಿ ಆ ದಿನ ಕಟ್ಟದೆ ಟಿವಿ ಮನೆಗೆ ಬರುವುದಿಲ್ಲ. ಬಂದ ಮೇಲೆ ಸಂಸ್ಥೆಯ ಕೈಯಲ್ಲಿ ಏನೂ ಉಳಿಯುವುದಿಲ್ಲ. ಸಿಗ್ನಲ್ ಗಾಳಿಯಲ್ಲಿ ಮುಕ್ತವಾಗಿ ಹರಡುತ್ತದೆ, ಶುಲ್ಕ ಕಟ್ಟದ ಒಂದೇ ಮನೆಗೆ ನಿಲ್ಲಿಸಲು ಬರುವುದಿಲ್ಲ. ವಿದ್ಯುತ್ ಕಂಪನಿಗೆ ಫ್ಯೂಸ್ ಕೀಳುವ ಅವಕಾಶವಿದೆ. ಡಿಎಸ್‌ಟಿವಿ ಕೂತಲ್ಲಿಂದಲೇ ಡಿಕೋಡರ್ ಬಂದ್ ಮಾಡುತ್ತದೆ. ಎಸ್‌ಎಬಿಸಿಗೆ ಉಳಿದದ್ದು ಮೇಲಿಂದ ಮೇಲೆ ಬೆದರಿಕೆಯ ಎಸ್ಸೆಮ್ಮೆಸ್. 265 ರಾಂಡಿಗಾಗಿ ಒಂದೊಂದು ಮನೆಯ ಮೇಲೂ ದಾವೆ ಹೂಡಿದರೆ ವಕೀಲರ ಖರ್ಚೇ ಅದನ್ನು ಮೀರುತ್ತದೆ ಎಂಬುದು ಬಾಕಿದಾರರಿಗೂ ಗೊತ್ತು.

ಖಾತೆ ವ್ಯಕ್ತಿಯ ಹೆಸರಿನಲ್ಲಿದೆ, ಶುಲ್ಕದ ಹೊಣೆ ಮಾತ್ರ ಸೆಟ್ಟಿನ ಜತೆ ಸಾಗುತ್ತದೆ. ಟಿವಿ ಕೊಂಡವರು ಮನೆ ಬದಲಿಸುತ್ತಾರೆ, ಸೆಟ್ಟನ್ನು ತಮ್ಮನಿಗೆ ಕೊಡುತ್ತಾರೆ, ಸೆಕೆಂಡ್‌ಹ್ಯಾಂಡಿಗೆ ಮಾರುತ್ತಾರೆ, ತೀರಿಕೊಳ್ಳುತ್ತಾರೆ. ಖಾತೆ ಮುಚ್ಚಲು ತನ್ನ ಬಳಿ ಟಿವಿ ಇಲ್ಲವೆಂದು ಪ್ರಮಾಣಪತ್ರ ಮಾಡಿಸಿ ಕೊಡಬೇಕು. ಆ ತಾಪತ್ರಯ ಯಾರಿಗೆ ಬೇಕು? ಖಾತೆ ಹಾಗೇ ಉಳಿಯುತ್ತದೆ, ಪ್ರತಿವರ್ಷ ಬಿಲ್ಲು ಏರುತ್ತದೆ. ಹಾಗಾಗಿ 2018–19ರಲ್ಲಿ ಶೇ 70ರ ಆಸುಪಾಸು ಇದ್ದು ಮುಂದೆ ಶೇ 80 ದಾಟಿದ ತಪ್ಪಿಸಿಕೊಳ್ಳುವಿಕೆಯ ಪ್ರಮಾಣವನ್ನು ಓದುವಾಗ ಎಚ್ಚರ ಬೇಕು. ಹಣವಿದ್ದೂ ಕಟ್ಟದವರು, ಕಟ್ಟಲಾಗದ ಬಡವರು, ಇಲ್ಲದ ಟಿವಿಯ ಸತ್ತ ಖಾತೆಗಳು, ಎಲ್ಲ ಆ ಒಂದೇ ಅಂಕಿಯಲ್ಲಿ ಬೆರೆತಿವೆ. ಕೈಗೆ ಬಂದ ನಗದನ್ನು ನೋಡಿದರೆ ಚಿತ್ರ ಹೆಚ್ಚು ನಂಬಿಕೆಯದು: 2018–19ರಲ್ಲಿ 96.8 ಕೋಟಿ ರಾಂಡ್, ಮರುವರ್ಷ 79.1 ಕೋಟಿ, 2022–23ರಲ್ಲಿ ಸುಮಾರು 74 ಕೋಟಿ. ಇಳಿತ ನಿಜ, ಆದರೆ ಶೇಕಡವಾರು ಲೆಕ್ಕ ಹೆದರಿಸುವಷ್ಟು ಕಡಿದಲ್ಲ.

ದಂಡದ ಲೆಕ್ಕ ಇನ್ನೂ ವಿಚಿತ್ರ. ಮೂರು ವರ್ಷ ಕಟ್ಟದ ಮನೆ ಮೂಲ 795, ದಂಡ ಗರಿಷ್ಠ ಮುಟ್ಟಿದರೆ ಇನ್ನೊಂದು 795, ಒಟ್ಟು 1,590 ರಾಂಡ್ ಬಾಕಿ ಹೊತ್ತಿರುತ್ತದೆ. ಈ ವರ್ಷ ಮನಸ್ಸು ಬದಲಾಯಿಸಿ 265 ಕಟ್ಟಲು ಬಂದವನಿಗೆ ಎದುರಾಗುವುದು ಹಳೆಯ ಬೆಟ್ಟ. ಆತ ತಿರುಗಿ ಹೋಗುತ್ತಾನೆ. ತಡ ಮಾಡಿದಷ್ಟೂ ಮರಳುವ ದಾರಿ ದುಬಾರಿಯಾಗುವ ಇಂಥ ದಂಡ, ಸಿಗ್ನಲ್ ಕತ್ತರಿಸುವ ಶಕ್ತಿ ಇರುವವರಿಗೆ ಒಗ್ಗೀತು. ಆ ಶಕ್ತಿ ಇಲ್ಲದವರ ಕೈಯಲ್ಲಿ ಅದು ಹಳೆಯ ಗಿರಾಕಿಯನ್ನು ಕಾಯಂ ಹೊರಗಿಡುವ ಬೇಲಿ.

ಶುಲ್ಕ 2013ರಿಂದ 265ರಲ್ಲೇ ನಿಂತಿದೆ ಎಂಬುದನ್ನೂ ಸೇರಿಸಿ ನೋಡಬೇಕು. ವರ್ಷಕ್ಕೆ ಶೇ 5ರ ಸರಾಸರಿ ಬೆಲೆ ಏರಿಕೆ ಹಿಡಿದರೆ ಹತ್ತು ವರ್ಷದಲ್ಲಿ ಅದರ ಕೊಳ್ಳುವ ಶಕ್ತಿ 160 ರಾಂಡಿನ ಆಸುಪಾಸಿಗೆ ಇಳಿದಿದೆ. ತಿಂಗಳಿಗೆ ಬೀಳುವುದು 22 ರಾಂಡ್. ಡಿಎಸ್‌ಟಿವಿಯ ಅತಿ ದುಬಾರಿ ಪ್ಯಾಕೇಜು ತಿಂಗಳಿಗೆ 800 ರಾಂಡ್ ದಾಟಿದೆ. ಅದನ್ನು ಕಟ್ಟುವ ಮನೆ 22 ರಾಂಡ್ ಕೊಡಲು ಹಿಂದೇಟು ಹಾಕುವುದು ಬಡತನದಿಂದಲ್ಲ.

ಪರ್ಯಾಯಗಳು

2020ರ ಅಕ್ಟೋಬರ್‌ನಲ್ಲಿ ಸರ್ಕಾರದ ಕಡೆಯಿಂದ ಬಂದ ಸಲಹೆ ಹೀಗಿತ್ತು: ಮಲ್ಟಿಚಾಯ್ಸ್‌ನಂಥ ಕಂಪನಿಗಳು ತಮ್ಮ ಚಂದಾದಾರರಿಂದಲೇ ಲೈಸೆನ್ಸ್ ಶುಲ್ಕ ವಸೂಲಿ ಮಾಡಿಕೊಡಲಿ, ಲೈಸೆನ್ಸಿನ ವ್ಯಾಖ್ಯೆಯನ್ನು ಲ್ಯಾಪ್‌ಟಾಪು, ಸ್ಟ್ರೀಮಿಂಗಿಗೂ ಹಿಗ್ಗಿಸಲಿ. ಡಿಕೋಡರ್ ಬಂದ್ ಮಾಡುವ ಶಕ್ತಿಯನ್ನು ಬಾಡಿಗೆಗೆ ಪಡೆಯುವ ಉಪಾಯ ಇದು. ಕಂಪನಿ ಒಪ್ಪಲಿಲ್ಲ. ತನ್ನ ಗಿರಾಕಿ ತನ್ನ ಬಿಲ್ಲಿನ ಮೇಲೇ ಬೇರೆಯವರ ಬಾಕಿ ನೋಡಿ ಸಿಟ್ಟಾಗುವುದು ಯಾವ ವ್ಯಾಪಾರಿಗೆ ಬೇಕು?

ಇಟಲಿ 2016ರಲ್ಲಿ ಟಿವಿ ಶುಲ್ಕವನ್ನು ವಿದ್ಯುತ್ ಬಿಲ್ಲಿಗೆ ಸೇರಿಸಿ ತಪ್ಪಿಸಿಕೊಳ್ಳುವವರನ್ನು ಗಣನೀಯವಾಗಿ ತಗ್ಗಿಸಿತು. ಜರ್ಮನಿ 2013ರಿಂದ ಟಿವಿ ಇರಲಿ ಬಿಡಲಿ, ಪ್ರತಿ ಮನೆಗೂ ಒಂದು ಶುಲ್ಕ ಎಂದು ನಿಗದಿ ಮಾಡಿತು. ಇವೆರಡನ್ನೂ ದಕ್ಷಿಣ ಆಫ್ರಿಕಾದಲ್ಲಿ ಸೂಚಿಸುವವರು ಆಗಾಗ ಕಾಣಿಸುತ್ತಾರೆ. ಆದರೆ ಜರ್ಮನಿಯಲ್ಲಿ ಮನೆ ಬದಲಿಸಿದ ಪ್ರತಿಯೊಬ್ಬರೂ ಸ್ಥಳೀಯ ಕಚೇರಿಯಲ್ಲಿ ವಿಳಾಸ ದಾಖಲಿಸಬೇಕು. ಶುಲ್ಕದ ಕಚೇರಿಗೆ ಮನೆಗಳ ಪಟ್ಟಿ ಅಲ್ಲಿಂದ ಬರುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಅಂಥ ದಾಖಲೆ ಇಲ್ಲ. ವಿದ್ಯುತ್ ಬಿಲ್ಲಿನದಂತೂ ಇನ್ನೂ ಕಷ್ಟ: ಜೊಹಾನ್ಸ್‌ಬರ್ಗ್ ಬಳಿಯ ಸೊವೆಟೊ ಒಂದೇ ಕಡೆ ವಿದ್ಯುತ್ ಸಂಸ್ಥೆ ಎಸ್ಕಾಂಗೆ ನೂರಾರು ಕೋಟಿ ರಾಂಡ್ ಬಾಕಿ ಬೆಳೆದಿತ್ತು. ಸ್ವತಃ ಸೋರುವ ಬಿಲ್ಲಿಗೆ ಇನ್ನೊಂದು ಸೋರಿಕೆ ಕಟ್ಟಿದರೆ ಬರುವುದೇನು? ಗೌಟೆಂಗ್ ಪ್ರಾಂತ್ಯದ ಹೆದ್ದಾರಿ ಇ-ಟೋಲ್ 2013ರ ಡಿಸೆಂಬರ್‌ನಲ್ಲಿ ಶುರುವಾಗಿ, ಜನ ಒಟ್ಟಾಗಿ ಕಟ್ಟದೆ ಕೂತದ್ದರಿಂದ 2024ರ ಏಪ್ರಿಲ್‌ನಲ್ಲಿ ರದ್ದಾದ ಪಾಠವೂ ಅಲ್ಲಿನ ಹಣಕಾಸು ಇಲಾಖೆಯ ಕಣ್ಣ ಮುಂದಿದೆ.

2017ರ ನಂತರ

2019ರ ಅಕ್ಟೋಬರ್‌ನಿಂದ ಎರಡು ಕಂತಿನಲ್ಲಿ 320 ಕೋಟಿ ರಾಂಡ್ ಸರ್ಕಾರದ ನೆರವು ಬಂತು. 2021ರ ಮಾರ್ಚ್ ಕೊನೆಗೆ 621 ನೌಕರರು ಹೊರಗೆ ಹೋದರು, ಅವರಲ್ಲಿ 346 ಮಂದಿ ಸ್ವಯಂ ನಿವೃತ್ತಿ ಪಡೆದವರು. 2021–22ರಲ್ಲಿ ನಷ್ಟ ಸುಮಾರು 20 ಕೋಟಿಗೆ ಇಳಿದಾಗ ಚೇತರಿಕೆಯ ಮಾತು ಕೇಳಿಬಂತು. ಮರುವರ್ಷ ಅದು 113 ಕೋಟಿ.

ಈ ಸಲ ಕಾರ್ಯಕ್ರಮ ಬದಲಾವಣೆ ಕಾರಣವಾಗಿರಲಿಲ್ಲ. ಅನಲಾಗ್ ಪ್ರಸಾರ ನಿಲ್ಲಿಸಿ ಡಿಜಿಟಲ್‌ಗೆ ಹೋಗುವ ಕೆಲಸವನ್ನು ಸರ್ಕಾರ ಪ್ರಾಂತ್ಯವಾರು ಶುರುಮಾಡಿತ್ತು. ಬಡ ಮನೆಗಳಿಗೆ ಉಚಿತ ಸೆಟ್-ಟಾಪ್ ಬಾಕ್ಸ್ ಹಂಚಿಕೆ ಮುಗಿಯುವ ಮೊದಲೇ ಹಲವೆಡೆ ಅನಲಾಗ್ ಟ್ರಾನ್ಸ್‌ಮಿಟರ್ ಬಂದ್ ಆದವು. ಬಾಕ್ಸ್ ಇಲ್ಲದ ಮನೆಯಲ್ಲಿ ಟಿವಿ ಮೂಕವಾಯಿತು. ಆ ವೀಕ್ಷಕರು ಮಾಪನದ ಲೆಕ್ಕದಿಂದ ಬಿದ್ದುಹೋದರು, ಅವರ ಹಿಂದೆಯೇ ಜಾಹೀರಾತು ದರವೂ. 2022ರ ಜೂನ್ 28ರಂದು ಸಾಂವಿಧಾನಿಕ ನ್ಯಾಯಾಲಯ, ಖಾಸಗಿ ಚಾನೆಲು ಇ.ಟಿವಿಯ ಅರ್ಜಿಯ ಮೇಲೆ, ಸಚಿವಾಲಯ ಇಟ್ಟಿದ್ದ ಗಡುವನ್ನು ಕಾನೂನುಬಾಹಿರ ಎಂದಿತು. ಆಮೇಲೆ ಗೊತ್ತುಮಾಡಿದ 2025ರ ಮಾರ್ಚ್ 31ರ ಗಡುವಿಗೂ ಹೈಕೋರ್ಟ್ ತಡೆ ಕೊಟ್ಟಿತು. 2022ರ ನವೆಂಬರ್‌ನಲ್ಲಿ ಸಂಸ್ಥೆ ಎಸ್‌ಎಬಿಸಿ ಪ್ಲಸ್ ಎಂಬ ಸ್ಟ್ರೀಮಿಂಗ್ ಆ್ಯಪ್ ತಂದಿತು. ಡೇಟಾ ದುಬಾರಿಯಾದ ಆ ದೇಶದಲ್ಲಿ ಅನಲಾಗ್ ಕಳೆದುಕೊಂಡ ಹಳ್ಳಿಮನೆಗೆ ಅದು ಬದಲಿಯಾಗದು.

ತಕ್ಷಣಕ್ಕೆ ಸಂಸ್ಥೆ ತಾನೇ ಮಾಡಬಹುದಾದ ಕೆಲಸ ಸಣ್ಣದು, ಬೇಸರ ತರಿಸುವಂಥದ್ದು. ಸತ್ತವರ ಗುರುತಿನ ಸಂಖ್ಯೆಗಳನ್ನು ಜನಸಂಖ್ಯಾ ದಾಖಲೆಯೊಂದಿಗೆ ತಾಳೆ ನೋಡಿ ಖಾತೆಗಳನ್ನು ಮುಚ್ಚಬೇಕು. ಹಳೆಯ ದಂಡವನ್ನು ಮೂಲದಿಂದ ಬೇರ್ಪಡಿಸಿ, ಈ ವರ್ಷದ್ದನ್ನು ಕಟ್ಟಿದವರಿಗೆ ಮನ್ನಾ ಮಾಡಬೇಕು. ವಸೂಲಿಯ ಶ್ರಮವನ್ನು ಹೋಟೆಲು, ಕಚೇರಿ, ಬಾರುಗಳ ಕಡೆ ತಿರುಗಿಸಬೇಕು: ಅಲ್ಲಿ ಪ್ರತಿ ಸೆಟ್ಟಿಗೂ ಲೈಸೆನ್ಸ್ ಬೇಕು, ವಿಳಾಸ ಬದಲಾಗುವುದಿಲ್ಲ, ನೂರು ಕೋಣೆಯ ಹೋಟೆಲಿನ ಮೇಲೆ ದಾವೆ ಹೂಡಿದರೆ ಖರ್ಚು ಹುಟ್ಟುತ್ತದೆ. ಮನೆಗಳ ಶುಲ್ಕಕ್ಕೆ ಬದಲಿ ತರುವುದು ಸಂಸತ್ತಿನ ಕೆಲಸ. 2023ರಲ್ಲಿ ಮಂಡನೆಯಾದ ಎಸ್‌ಎಬಿಸಿ ಮಸೂದೆಯನ್ನು 2024ರ ನವೆಂಬರ್‌ನಲ್ಲಿ ಸಚಿವ ಸಾಲಿ ಮಲಾಟ್ಸಿ ಹಿಂತೆಗೆಯಲು ಮುಂದಾದರು. ಅವರು ಕೊಟ್ಟ ಮುಖ್ಯ ಕಾರಣ, ಸಂಸ್ಥೆಗೆ ಹಣ ಎಲ್ಲಿಂದ ಬರಬೇಕು ಎಂಬುದಕ್ಕೆ ಆ ಮಸೂದೆಯಲ್ಲಿ ಸರಿಯಾದ ಉತ್ತರ ಇರಲಿಲ್ಲ ಎಂದು.